ಕೊಯ್ಯದೆ ಬಿಟ್ಟ ಒಂದು ಗಂಟಲು

ಸೊಸೆ ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಮಗುವಿನ ಅಳು ನಿಂತಿತ್ತು. ಅಷ್ಟು ಬೇಗ ನಿಲ್ಲುವ ಅಳು ಅದಲ್ಲ ಎಂದು ಅವಳಿಗೆ ಗೊತ್ತಿತ್ತು. ಕುಲುಮೆಯ ಪಕ್ಕದ ಕೋಣೆಯಲ್ಲಿ ಮಾವ ತೊಟ್ಟಿಲ ಮೇಲೆ ಬಗ್ಗಿದ್ದ. ಅವನ ಅಂಗೈ ಮಗುವಿನ ಬಾಯನ್ನು ಪೂರ್ತಿ ಮುಚ್ಚಿತ್ತು. ಹೆಬ್ಬೆರಳು, ತೋರುಬೆರಳು ಮೂಗಿನ ಹೊಳ್ಳೆಗಳನ್ನು ಹಿಸುಕಿ ಹಿಡಿದಿದ್ದವು. ಮಗುವಿನ ಮುಖ ನೇರಳೆಯಾಗಿತ್ತು, ಕಾಲು ಒದೆಯುವುದನ್ನೂ ಬಿಟ್ಟಿತ್ತು. ಮುದುಕನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಕಿಟಕಿಯಾಚೆ ಯಾರೋ ಬರುತ್ತಿದ್ದಾರೆಂಬಂತೆ ಕಿವಿಗೊಟ್ಟು ನಿಂತಿದ್ದ.

ಅವಳು ಕೂಗಲಿಲ್ಲ. ಬಾಗಿಲ ಬಳಿಯಿದ್ದ ಕಬ್ಬಿಣದ ಇಕ್ಕಳ ಎತ್ತಿ ಅವನ ಮೊಣಕೈಗೆ ಬಾರಿಸಿದಳು. ಎಲುಬು ಲಟಕ್ಕೆಂದಿತು. ಕೈ ಕಳಚಿತು. ಮಗು ಒಂದು ಗಳಿಗೆ ಬಾಯಿ ತೆರೆದೇ ಇತ್ತು, ಆಮೇಲೆ ಕಿರುಚಿತು.

ಅದೇ ಮಧ್ಯಾಹ್ನ ಅವಳು ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಕರೆತರಲು ಹೋದ ಗಂಡ ಒಬ್ಬನೇ ವಾಪಸಾದ.

"ಆ ಕೈ ಇರೋ ಮನೆಗೆ ನನ್ನ ಮಗು ಬರಲ್ಲ ಅಂದ್ಲಪ್ಪ. ನಾನೇನು ಹೇಳ್ಲಿ? ಅವಳು ಹೇಳಿದ್ದು ಸರಿಯಾಗೇ ಇದೆ."

ಊರವರು ಲಾಳದಜ್ಜ ಎಂದು ಕರೆಯುವ ಆ ಮುದುಕ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕುಳಿತ. ಕುದುರೆ ಕಾಲಿಗೆ ಲಾಳ ಹೊಡೆದು ಹೊಡೆದು ಗಂಟುಗಟ್ಟಿದ ಕೈ ಅದು. ಆದರೆ ಮಗುವಿನ ಮೂತಿ ಹಿಡಿದ ಆ ಹಿಡಿತವನ್ನು ಅವನು ಕುಲುಮೆಯಲ್ಲಿ ಕಲಿತದ್ದಲ್ಲ. ಅದು ಅವನಪ್ಪನದು.

ಅಪ್ಪ ಯುದ್ಧದಿಂದ ಬಂದ ಮೇಲೆ ಹುಟ್ಟಿದವನು ಇವನು. ಊರಿಗೆಲ್ಲ ಅಪ್ಪ ಸಿಪಾಯಿ. ಇವನು ಹುಲ್ಲಿನ ಬಣವೆಗೆ ಬೆಂಕಿ ಹಾಕಿದರೂ ಸಿಪಾಯಿ ಕೈ ಎತ್ತಿರಲಿಲ್ಲ. ಅತ್ತರೆ ಮಾತ್ರ ಬಿಡುತ್ತಿರಲಿಲ್ಲ. ಮೊದಲು ಮೂಗು ಬಾಯಿ ಮುಚ್ಚುತ್ತಿದ್ದ. ಕೊಸರಿಕೊಂಡು ಮತ್ತೆ ಅತ್ತರೆ ಲಗಾಮಿನ ಪಟ್ಟಿ, ಪಟ್ಟಿ ಸಿಗದಿದ್ದರೆ ಮುಷ್ಟಿ. ಹೊಡೆಯುವಾಗ ಒಂದು ಬೈಗುಳವೂ ಇಲ್ಲ, ಉಸಿರಿನ ಸದ್ದಷ್ಟೆ. ಹಾಗೊಂದು ದಿನ ಎಡಗಿವಿಯಿಂದ ರಕ್ತ ಇಳಿದು ಅಂಗಿ ತೋಯ್ದಿತು. ಅಲ್ಲಿಂದೀಚೆಗೆ ಆ ಕಿವಿಗೆ ಗುಡುಗೂ ಕೇಳುವುದಿಲ್ಲ.

ಈ ಹಿಡಿತ ರಕ್ತದಲ್ಲೇ ಬಂದದ್ದಾದರೆ ಮಾಡುವುದೇನೂ ಇಲ್ಲ, ಮೊಮ್ಮಗುವಿನಿಂದ ದೂರವೇ ಸಾಯಬೇಕು. ಎಲ್ಲಿಂದಲೋ ಹತ್ತಿಕೊಂಡು ಬಂದದ್ದಾದರೆ ಕೊಡವಲು ನೋಡಬಹುದು. ಇಷ್ಟನ್ನು ತಿಳಿಯಲೆಂದೇ ಅವನು ಸೇನೆಯ ದಾಖಲೆ ಕಚೇರಿಗೆ ಅರ್ಜಿ ಹಾಕಿಸಿದ.

"ಸತ್ತವನ ಜಾತಕ ತೆಗೆಸ್ತಾನಂತೆ," ಎಂದು ಅಕ್ಕ ಅಣಕಿಸಿದಳು. ಎಂಬತ್ತು ದಾಟಿದವಳು, ಹಲ್ಲು ಹೋದರೂ ನಾಲಗೆ ಮೊಂಡಾಗಿರಲಿಲ್ಲ. "ಅಪ್ಪ ಮೊದಲು ಹಾಗಿರ್ಲಿಲ್ಲ ಅಂತ ಎಷ್ಟು ಸಲ ಬಡ್ಕೊಂಡೆ ನಿನ್ಹತ್ರ. ಬೆಳಿಗ್ಗೆ ನಾನು ಅಂಗಳಕ್ಕೆ ಬಂದ್ರೆ ಸಾಕು, ಕುಲುಮೆಯಿಂದ ಕತ್ತೆ ಹಾಗೆ ಕೂಗೋನು. ನಾನು ತಿರುಗಿ ಕೂಗ್ಬೇಕು. ಅಮ್ಮ ಇಬ್ರಿಗೂ ಹುಲ್ಲು ಹಾಕ್ತೀನಿ ಅನ್ನೋಳು."

"ನಿನಗೆ ಕೂಗಿದ, ನನಗೆ ಬಾರಿಸಿದ. ನಂಬು ಅಂದ್ರೆ ಹೆಂಗೆ ನಂಬ್ಲಿ?"

ಕಚೇರಿಯಿಂದ ಕರೆ ಬಂದಾಗ ಅಣಕಿಸಿದ ಅಕ್ಕನೇ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಉದ್ದನೆಯ ಕೋಣೆ. ಸೂರಿನವರೆಗೆ ಕಪಾಟು, ಹಳೆ ಅಂಟಿನ ವಾಸನೆ. ಗುಮಾಸ್ತೆ ಹೆಂಗಸು ಕಡತದ ದಾರ ಬಿಚ್ಚುತ್ತ, "ತೀರಿಕೊಂಡವರಿಗೆ ಏನಾಗ್ಬೇಕು ನೀವು?" ಎಂದಳು.

"ಮಗ."

"ಪುರಾವೆ?"

ಲಾಳದಜ್ಜ ಎಡಗಿವಿ ಮುಟ್ಟಿ ತೋರಿಸಿದ. "ಇದು ಸಾಲ್ದಾ?"

ಅವಳಿಗೆ ಅರ್ಥವಾಗಲಿಲ್ಲ, ತಮಾಷೆಯೆಂದುಕೊಂಡು ನಕ್ಕಳು. ಅಕ್ಕ ತಮ್ಮನನ್ನು ಮೊಣಕೈಯಿಂದ ತಿವಿದು ಚೀಲದಿಂದ ಕಾಗದ ತೆಗೆದುಕೊಟ್ಟಳು.

ಕಡತದ ಪ್ರಕಾರ ಸಿಪಾಯಿ ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಿರಲಿಲ್ಲ. ಲಾಳ ಹೊಡೆಯುವವನೆಂದು ಅವನನ್ನು ಹೇಸರಗತ್ತೆಗಳ ದಳಕ್ಕೆ ಹಾಕಿದ್ದರು. ಕಾಡಿನೊಳಗೆ ಮದ್ದುಗುಂಡು ಹೊರುವ ಪ್ರಾಣಿಗಳು ಕೂಗಿದರೆ ದಳ ಇರುವ ಜಾಗ ಬಯಲಾಗುತ್ತಿತ್ತು. ಅದಕ್ಕೆ ಹೊರಡುವ ಮೊದಲೇ ಅವುಗಳಿಗೆ ಮತ್ತು ಬರಿಸಿ, ನೆಲಕ್ಕೆ ಕೆಡವಿ, ಗಂಟಲು ಕೊಯ್ದು ಧ್ವನಿ ಹೊರಡಿಸುವ ತಂತು ಕತ್ತರಿಸಿ ಹೊಲಿಯುತ್ತಿದ್ದರು. ಸಿಪಾಯಿಯದು ಕತ್ತು ಒತ್ತಿ ಹಿಡಿಯುವ ಕೆಲಸ. ಪಶುವೈದ್ಯ ಜ್ವರದಲ್ಲಿ ಮಲಗಿದ ಮೇಲೆ ಚಾಕುವೂ ಅವನ ಕೈಗೇ ಬಂತು.

"ಇಲ್ಲಿ ವಿಚಾರಣೆಯ ಹೇಳಿಕೆ ಇದೆ," ಎಂದು ಗುಮಾಸ್ತೆ ತಡವರಿಸಿದಳು. "ಓದ್ಲಾ? ಚೆನ್ನಾಗಿಲ್ಲ ಅಜ್ಜ."

"ಓದವ್ವ. ಚೆನ್ನಾಗಿರೋದು ಕೇಳೋಕೆ ಬಂದಿಲ್ಲ. ಸ್ವಲ್ಪ ಈ ಕಡೆ ಕಿವಿಗೆ ಓದು."

ಅವಳು ಕುರ್ಚಿ ಎಳೆದುಕೊಂಡು ಓದಿದಳು.

"ಎಲ್ಲಾ ಗಂಟಲು ಕೊಯ್ದೆ. ಬೂದುಬಣ್ಣದ್ದೊಂದನ್ನು ಮಾತ್ರ ಕೊಯ್ಯಲಿಲ್ಲ. ಅದನ್ನು ಬೂದಿ ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ನನ್ನನ್ನು ಕಂಡರೆ ಅದು ಕೂಗುತ್ತಿತ್ತು. ಊರಲ್ಲಿ ನನ್ನ ಮಗಳೂ ಹೀಗೇ ಕೂಗುತ್ತಾಳೆ. ಮೇಲಿನ ಚರ್ಮ ಮಾತ್ರ ಸೀಳಿ ಹೊಲಿದೆ. ಒಂದರಿಂದ ಏನಾಗುತ್ತದೆ ಅಂದುಕೊಂಡೆ."

ಅಕ್ಕನ ಕೈಯಿಂದ ಚೀಲ ಜಾರಿತು. ಅವಳು ಎತ್ತಿಕೊಳ್ಳಲಿಲ್ಲ.

"ಹೊಳೆ ದಾಟಲು ಕಮರಿಯಲ್ಲಿ ಅಡಗಿದ್ದೆವು. ಎದುರು ದಡದಲ್ಲಿ ಶತ್ರುಗಳ ಮಾತು ಕೇಳುತ್ತಿತ್ತು. ನಾನು ನೀರು ತರಲು ಹೋಗಿ ವಾಪಸು ಬರುವಾಗ ಬೂದಿ ನನ್ನನ್ನು ನೋಡಿ ಕೂಗಿತು. ಓಡಿಹೋಗಿ ಮೂಗು ಬಾಯಿ ಒತ್ತಿ ಹಿಡಿದೆ. ಆಟ ಅಂದುಕೊಂಡು ತಲೆ ಕೊಡವಿ ಮತ್ತೆ ಕೂಗಿತು. ಆಮೇಲೆ ಫಿರಂಗಿ ಗುಂಡುಗಳು ಬಿದ್ದವು. ಅಡುಗೆಯವನ ತಲೆ ಇರಲಿಲ್ಲ, ಕೈಯಲ್ಲಿ ಸೌಟು ಇತ್ತು. ನನ್ನ ಪಕ್ಕದ ಹಾಸಿಗೆಯವನು ತನ್ನ ಕರುಳನ್ನು ತಾನೇ ಒಳಗೆ ತುಂಬಿಕೊಳ್ಳುತ್ತ ನೀರು ಕೇಳಿದ. ಹೇಸರಗತ್ತೆಗಳು ಹೊಟ್ಟೆ ಹರಿದು ಬಾಯಿ ತೆರೆದು ನಿಂತಿದ್ದವು. ಕೂಗುತ್ತಿದ್ದವು, ಸದ್ದಿರಲಿಲ್ಲ. ಬೂದಿ ಒಂದೇ ಕೂಗುತ್ತಿತ್ತು. ಗುಂಡು ಹಾರಿಸಿದರೆ ಸದ್ದಾಗುತ್ತದೆಂದು ಲಾಳದ ಸುತ್ತಿಗೆಯಿಂದ ಅದರ ಹಣೆಗೆ ಹೊಡೆದೆ. ಒಂದೇ ಏಟಿಗೆ ಬೀಳಲಿಲ್ಲ. ನಾನು ಹೊಡೆಯುವಾಗಲೂ ನನ್ನನ್ನೇ ನೋಡಿ ಕೂಗಿತು."

ದಳದಲ್ಲಿ ಬಹುಪಾಲು ಜನ ಅಲ್ಲೇ ಸತ್ತಿದ್ದರು. ಸಿಪಾಯಿಗೆ ಸೆರೆಮನೆ, ಆಮೇಲೆ ಸೇನೆಯಿಂದ ವಜಾ.

ಗುಮಾಸ್ತೆ ಕಡತ ಮುಚ್ಚಿ ನೀರು ತರಲು ಹೋದಳು. ಅಕ್ಕ ಗೋಡೆ ನೋಡುತ್ತ ಹೇಳಿದಳು: "ಅಪ್ಪ ಊರಿಗೆ ಬಂದ ದಿನ ನಾನು ಅಂಗಳಕ್ಕೆ ಓಡಿಹೋಗಿ ಕತ್ತೆ ಹಾಗೆ ಕೂಗಿದ್ದೆ ಕಣೋ. ಕಪಾಳಕ್ಕೆ ಬಿಟ್ಟ. ಎರಡು ಹಲ್ಲು ಅಂಗೈಗೆ ಬಂತು. ನಿನಗೆ ಹೇಳಿರ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ನಿನ್ನ ಪಾಲಿಗೆ ಅವನು ಹೇಗೂ ಕೆಟ್ಟವನು. ನನ್ನ ಪಾಲಿಂದಾದ್ರೂ ಒಂಚೂರು ಒಳ್ಳೆಯವನು ಉಳೀಲಿ ಅಂತ."

ಮರುದಿನ ಲಾಳದಜ್ಜ ಬೀಗರ ಮನೆಗೆ ಹೋದ. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ, ಅವನು ಬಾಗಿಲ ಮೆಟ್ಟಿಲ ಮೇಲೆಯೇ ಕುಳಿತ. ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊಸ್ತಿಲಾಚೆ ನಿಂತಿದ್ದಳು. ಅವನು ಏನನ್ನೂ ಬಿಡದೆ ಎಲ್ಲ ಹೇಳಿದ.

"ನೀವು ಹೇಳಿದ್ದೆಲ್ಲ ನಂಬ್ತೀನಿ ಮಾವ," ಎಂದಳು ಅವಳು. "ಆದ್ರೆ ನನ್ನ ಮಗು ಇವತ್ತೂ ಅಳುತ್ತೆ, ನಾಳೆನೂ ಅಳುತ್ತೆ. ನಿಮ್ಮಪ್ಪನ ಕತೆ ಕೇಳ್ಕೊಂಡು ಸುಮ್ನಾಗಲ್ಲ."

"ಸುಮ್ನಾಗೋದು ಬೇಡ."

"ಬಾಯಲ್ಲಿ ಹೇಳ್ತೀರಿ."

ಅವಳು ಅವನ ಮುಂದೆ ಚಾಪೆ ಹಾಸಿ ಮಗುವನ್ನು ಮಲಗಿಸಿದಳು. ಒಳಗಿನಿಂದ ಒನಕೆ ತಂದು ಹಿಡಿದು ನಿಂತಳು. ಹಸಿವಿನ ಹೊತ್ತು, ತಾಯಿಯ ಸೊಂಟ ಬಿಟ್ಟದ್ದೇ ತಡ, ಮಗು ರಾಗ ಎಳೆಯಿತು, ಆಮೇಲೆ ಕೈಕಾಲು ಬಡಿದು ಕಿರುಚತೊಡಗಿತು.

ಲಾಳದಜ್ಜನ ಬಲಗಿವಿಗೆ ಕಾಯಿಸಿದ ಸಲಾಕೆ ಇಟ್ಟಂತಾಯಿತು. ಬಲಗೈ ತಾನಾಗಿ ಏಳುತ್ತಿತ್ತು. ಒನಕೆ ಅಲ್ಲಾಡಿದ್ದು ಕಣ್ಣಂಚಿಗೆ ಕಂಡಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಭಾರ ಬಿಟ್ಟು ಕುಳಿತ. ಮುರಿದ ಮೊಣಕೈಯಿಂದ ಭುಜದವರೆಗೆ ನೋವು ಕೊರೆಯಿತು. ಹಲ್ಲು ಕಚ್ಚಿಕೊಂಡು ಎದುರಿನ ದಿಬ್ಬ ನೋಡಿದ, ಆಕಾಶ ನೋಡಿದ. ಏನೂ ಬೀಳಲಿಲ್ಲ. ಮಗು ಉಸಿರೆಳೆದುಕೊಂಡು ಇನ್ನೂ ಜೋರಾಗಿ ಕೂಗಿತು. ಆಗಲೂ ಏನೂ ಬೀಳಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ತಿರುಗಿ ನೋಡಿ, "ಹಸಿವಾಗಿರ್ಬೇಕು ಕಣಮ್ಮ," ಎಂದು ಹೇಳಿ ಹೋದ.

ಸಾಕೆನಿಸಿದಾಗ ಸೊಸೆ ಒನಕೆಯನ್ನು ಗೋಡೆಗೆ ಒರಗಿಸಿ ಮಗುವನ್ನು ಎತ್ತಿಕೊಂಡಳು.

"ಇವತ್ತಿಗೆ ಇಷ್ಟು. ನಾಳೆ ಇದೇ ಹೊತ್ತಿಗೆ ಬನ್ನಿ."

"ಬರ್ತೀನಿ," ಎಂದ ಅವನು, ಏಳದೆ. "ಕೈ ಎರಡೂ ಜೋಮು ಹಿಡಿದಿವೆ ಕಣಮ್ಮ. ಊರಿ ಏಳೋಕಾಗ್ತಿಲ್ಲ."

"ಹಾಗೇ ಇರ್ಲಿ ಬಿಡಿ ಸ್ವಲ್ಪ ಹೊತ್ತು," ಎಂದು ಅವಳು ಹೊಸ್ತಿಲ ಮೇಲೆಯೇ ಕುಳಿತು ಮಗುವಿಗೆ ಹಾಲೂಡಿಸತೊಡಗಿದಳು.