ಸಾಹೇಬರ ಟವೆಲ್

“ನಿನ್ನ ಹೊಲಸು ರೋಗಾ ನಮ್ಮ ಮನ್ಯಾಗ ತರಬ್ಯಾಡ. ಅಲ್ಲೇ ನಿಂತು ಮಾತಾಡು.”

ಪ್ರಭಾ ಬಾಗಿಲಿಗೆ ಅಡ್ಡ ನಿಂತಿದ್ದರು. ಚಂದ್ರಮ್ಮ ಸರ್ಕಾರಿ ಆಸ್ಪತ್ರೆಯಿಂದ ನೇರ ಬಂದಿದ್ದಳು.

ದಸರಾ ಕಳೆದ ಮೇಲೆ ಅವಳು ಈ ಫ್ಲ್ಯಾಟಿಗೆ ಮುಸುರೆ ಕೆಲಸಕ್ಕೆ ಸೇರಿದ್ದಳು. ನಾಗಪುರದಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ‘ನಮ್ಮ ಕಡಿಯಾಕಿ’ ಎಂದು ಪ್ರಭಾ ಕರೆದಾಗ ತವರಿನವರೇ ಸಿಕ್ಕಷ್ಟು ಹಿಗ್ಗಿದ್ದಳು. ತಮ್ಮ ಗಂಡ, ಬ್ಯಾಂಕಿನ ಅಧಿಕಾರಿ ಬಿಂದುಮಾಧವರ ಬಟ್ಟೆಗಳನ್ನು ಮಾತ್ರ ಪ್ರಭಾ ಕೈಯಲ್ಲೇ ಒಗೆಸುತ್ತಿದ್ದರು. ಮಷಿನ್ನಿಗೆ ಹಾಕಿದರೆ ಬೇಗ ಹರಿಯುತ್ತವಂತೆ. ಕುಕ್ಕರಗಾಲಲ್ಲಿ ಕೂತು ಒಗೆಯುವಾಗ ಸೀರೆ ನೆನೆಯದಿರಲೆಂದು ಸಾಹೇಬರ ಹಳೆಯ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಳ್ಳಲು ಕೊಟ್ಟಿದ್ದರು.

ಚಳಿ ಮುಗಿಯುವ ಹೊತ್ತಿಗೆ ಚಂದ್ರಮ್ಮನ ತೊಡೆಸಂದಿನಲ್ಲಿ ತುರಿಕೆ ಎದ್ದಿತು. ಕಳಮೇಶ್ವರದ ಕಾರ್ಖಾನೆಯಲ್ಲಿ ಮೂಟೆ ಹೊರುವ ಗಂಡ ಯಲ್ಲಪ್ಪ ಅದನ್ನು ನೋಡಿ, “ಯಾವನ ಜೋಡಿ ಮಲಗಿ ತಂದೀ, ರಂಡೆ?” ಎಂದು ಹಾಸಿಗೆ ಹೊರಗೆಳೆದುಕೊಂಡು ಹೋದ. ಅವಳು ಅತ್ತು ಹೇಳಿಕೊಂಡದ್ದು ಪ್ರಭಾ ಒಬ್ಬರ ಮುಂದೆ. ಅವರು ಅರ್ಧ ಹಿಂಡಿದ ಮುಲಾಮಿನ ಟ್ಯೂಬು ಕೈಗಿಟ್ಟು, ಆಸ್ಪತ್ರೆಗೆ ಹೋಗಬೇಡ, ಜನ ತಪ್ಪು ತಿಳಿಯುತ್ತಾರೆ ಎಂದಿದ್ದರು. ಹಚ್ಚಿದಾಗ ತಣ್ಣಗಾಯಿತು. ಆಮೇಲೆ ಉರಿ ಹತ್ತಿ, ಕೆಂಪು ಅಂಚಿನ ಬಳೆಗಳಾಗಿ ಹೊಟ್ಟೆಯವರೆಗೆ ಹರಡಿತು.

ಆಸ್ಪತ್ರೆಯ ಡಾಕ್ಟರಮ್ಮ ಚರ್ಮ ಕೆರೆದು ಪರೀಕ್ಷೆ ಮಾಡಿಸಿದರು. ಇದು ಗಜಕರ್ಣ, ನಡತೆಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಟ್ಯೂಬು ನೋಡಿ ಸಿಟ್ಟಾದರು. ಇದು ತುರಿಕೆ ತಗ್ಗಿಸಿ ರೋಗವನ್ನು ಸಾಕುತ್ತದೆ ಎಂದು, ಗುಳಿಗೆಯನ್ನೂ ಬೇರೆ ಮುಲಾಮನ್ನೂ ಬರೆದುಕೊಟ್ಟರು. ಒದ್ದೆಯಲ್ಲಿ ಇರಬೇಡ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕು, ತುರಿಕೆ ನಿಂತಿತೆಂದು ಔಷಧಿ ಬಿಡಬೇಡ ಎಂದರು. ಟವೆಲ್ಲಿನ ಸಂಗತಿ ಕೇಳಿ, ಆ ಮನೆಯಲ್ಲಿ ಈ ರೋಗ ಇದ್ದವರೂ ಜೊತೆಗೇ ಔಷಧಿ ತೆಗೆದುಕೊಳ್ಳಬೇಕು ಎಂದು ಹೇಳಿ ಕಳಿಸಿದ್ದರು.

ಚಂದ್ರಮ್ಮ ಅದನ್ನೇ ತಿಳಿಸಲು ಬಂದಿದ್ದಳು.

“ಇವರಿಗೆ ಹೋದ ಬ್ಯಾಸಗಿಯಿಂದನ ಔಷಧ ನಡದದ,” ಎಂದರು ಪ್ರಭಾ. “ನೀ ಮತ್ತ ರೋಗಾ ಹಚ್ಚಬ್ಯಾಡ.”

ಚಂದ್ರಮ್ಮ ಬೆರಳು ಮಡಚಿ ತಿಂಗಳು ಎಣಿಸಿದಳು. “ನಾ ಬಂದದ್ದು ದಸರಾ ಆದಮ್ಯಾಗಲ್ರೀ, ಅಕ್ಕಾರ?”

ಪ್ರಭಾ ಚಿಲಕದ ಮೇಲೆ ಕೈಯಿಟ್ಟರು. “ಮಷಿನ್ನ್ಯಾಗ ಮಕ್ಕಳ ಬಟ್ಟಿ ಹಾಕ್ತೀವಿ. ಅದರಾಗ ಇವರವನ್ನ ಹೆಂಗ ಹಾಕಲಿ?”

ಬಾಗಿಲು ಮುಚ್ಚಿತು.

ಮನೆಗೆ ಹೋಗಿ ಯಲ್ಲಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ನಂಬಲಿಲ್ಲ. ಅಂದೂ ಹೊರಗೇ ಮಲಗಿದ.

ಮರುದಿನ ಮುಂಜಾನೆ ಕೆಲಸದ ಹೆಂಗಸರು ಕೂಡುವ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ನಿಂತು ಚಂದ್ರಮ್ಮ ತನ್ನ ರೋಗದ ಹೆಸರು ಹೇಳಿದಳು. ಎಲ್ಲಿ ಆಯಿತು, ಯಾರಿಂದ ಆಯಿತು, ಯಾವ ಟ್ಯೂಬು ಅದನ್ನು ಬೆಳೆಸಿತು, ಎಲ್ಲವನ್ನೂ ಮರಾಠಿಯಲ್ಲಿ, ವಾಚ್‌ಮನ್ನನಿಗೂ ಕೇಳುವಂತೆ ಹೇಳಿದಳು. ಕೆಲವರು ಸೆರಗು ಬಾಯಿಗೊತ್ತಿ ನಕ್ಕರು. ಶೇವಂತಾ ಎಂಬವಳು ನಗಲಿಲ್ಲ. ಚಂದ್ರಮ್ಮನನ್ನು ಗೋಡೆಯ ಮರೆಗೆ ಕರೆದೊಯ್ದು ಸೀರೆ ಸರಿಸಿ ತನ್ನ ಕಲೆಗಳನ್ನೂ ತೋರಿಸಿದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ನಕ್ಕವಳೇ.

ಯಾರೂ ಮೇಲಿನ ಫ್ಲ್ಯಾಟುಗಳಿಗೆ ಕೆಲಸಕ್ಕೆ ಹೋಗಲಿಲ್ಲ. ಆಸ್ಪತ್ರೆಯ ಬಸ್ಸಿಗೆಂದು ಗುಂಪಾಗಿ ರಸ್ತೆಗಿಳಿದರು. ಸ್ವಲ್ಪ ಹೊತ್ತಿನಲ್ಲೇ ಅವರ ಸೊಂಟದಲ್ಲಿದ್ದ ಫೋನುಗಳು ಒಂದಾದ ಮೇಲೊಂದು ಬಡಿದುಕೊಳ್ಳತೊಡಗಿದವು. ಒಬ್ಬಳೂ ಎತ್ತಲಿಲ್ಲ.