ಒಂದು ಫ್ರೆಟ್ಟಿನ ದೂರ

ಗಾಜಿನಾಚೆ ರೆಕಾರ್ಡಿಂಗಿನವನ ಹೆಬ್ಬೆರಳು ಮೇಲೆದ್ದಿತು, ಶುರು ಮಾಡಿ ಅಂತ, ಮಾಡೋಣ ಇರಪ್ಪ, ಗಿಟಾರಿನ ತಂತಿ ಇನ್ನೂ ತಣ್ಣಗಿದೆ, ಮೈ ಮಾತ್ರ ಕೆಂಡ – ಪಕ್ಕದಲ್ಲಿ ಅಣ್ಣ ಕೀಬೋರ್ಡಿನ ಮುಂದೆ ಕೂತು ನೆಟಿಗೆ ತೆಗೆಯುತ್ತಿದ್ದಾನೆ, ಒಂದೊಂದೇ ಬೆರಳು, ಸಾವಕಾಶವಾಗಿ, ಭೂಮಿಯೇ ಇವನಿಗಾಗಿ ಕಾಯುತ್ತಿದೆಯೇನೋ ಎಂಬಂತೆ, ಕೊನೇಲಿ ಜಿ ಸೆವೆನ್ ಕಾರ್ಡು, ಆಮೇಲೆ ಸಿ, ಮರೀಬೇಡ ಕಣೇ, ಮರೆಯುವುದೆಲ್ಲಿ ಬಂತು, ಬೆಳಗಿನಿಂದ ಅದನ್ನೇ ಕಿವಿಗೆ ಹುಯ್ಯುತ್ತಿದ್ದಾನೆ, ಕೇಳೋರಿಗೆ ನೆಮ್ಮದಿ ಬೇಕು, ನಿನ್ನ ಹಾಡು ಹಲ್ಲುನೋವಿನ ಹಾಗೆ ಮುಗಿಯುತ್ತೆ, ಡ್ರಮ್ಮಿನ ಹಿಂದಿನ ಗುಂಡ ಕಿಸಕ್ಕನೆ ನಕ್ಕ, ನಗು, ನಗು, ನಿನ್ನ ಹಲ್ಲಿಗೂ ಬರುತ್ತದೆ ಕಾಲ. ಹಾಡು ಅವಳದು, ತಂಗಿಯದು. ಅವಳೇ ಕಟ್ಟಿದ್ದು, ಇ-ಯಿಂದ ಹೊರಟು ಇ-ಗೇ ಬಂದು ಕೂರುವುದು, ಫ್ರಿಜಿಯನ್ ಅನ್ನುವ ಸ್ವರಸಾಲು, ಮೊದಲ ಸ್ವರದ ಬೆನ್ನಿಗೇ ಎರಡನೆಯದು, ನಡುವೆ ಒಂದೇ ಒಂದು ಫ್ರೆಟ್, ಗಿಟಾರಿನ ಕತ್ತಿನ ಒಂದೇ ಮನೆ, ಎಫ್ ಅಷ್ಟು ಹತ್ತಿರ ನಿಂತಿರುತ್ತದೆ, ಕತ್ತಲಲ್ಲಿ ಯಾರೋ ಕುತ್ತಿಗೆಯ ಮೇಲೆ ಉಸಿರು ಬಿಟ್ಟಂತೆ. ಆದರೆ ಏಳು ಸ್ವರಗಳೂ ಸಿ ಮೇಜರಿನವೇ, ಅದೇ ಬಂತು ಗ್ರಹಚಾರ, ಅಣ್ಣನ ಕಿವಿಗೆ ಇದು ದಾರಿ ತಪ್ಪಿದ ಸಿ ಮೇಜರ್, ಕೈಹಿಡಿದು ಎಳಕೊಂಡು ಬಂದು ಸಿ-ಯಲ್ಲಿ ಕೂರಿಸಿದರೆ ಮಗು ಜಾಣ. ಅವಳಿಗೇನು ಗೊತ್ತಿಲ್ಲವೇ, ಒಂದು ಸ್ವರ ಬಿಟ್ಟು ಒಂದು ಹಿಡಿದು ಮೂರು ಮೂರಾಗಿ ಪೇರಿಸಿ ಕಾರ್ಡು ಕಟ್ಟಿ ನೋಡಿದವಳು, ಇ ಮೈನರ್, ಎಫ್ ಮೇಜರ್, ಜಿ ಮೇಜರ್, ಎ ಮೈನರ್, ಐದನೆಯದರ ಮೇಲೆ ಪೇರಿಸಿದ್ದು ಮಾತ್ರ ಕಾಲು ಮುರಿದ ಕುರ್ಚಿ, ಅದನ್ನು ಹತ್ತಿ ಇ-ಗೆ ಇಳಿಯುವ ಹಾಗಿಲ್ಲ, ಎಫ್-ನಿಂದಲೇ ಇಳಿಯಬೇಕು, ಜಾರಿ, ಒಂದು ಫ್ರೆಟ್, ಅಜ್ಜಿ ಕರೆಯುತ್ತಿದ್ದ ಹಾಗೆ.

ಮಗಾ – ಹೀಗೆ, ಎಳೆದು, ಕೊನೆಗೆ ಒಂದು ಎಳೆಯಷ್ಟೇ ಕೆಳಗೆ. ಮೆಟ್ಟಿಲ ಪಕ್ಕದ ಕೋಣೆಯಿಂದ. ಕತೆ ಹೇಳುವಾಗ ಹೂಂ ಅನ್ನೇ, ನೀನು ಹೂಂ ಅನ್ನದಿದ್ರೆ ರಾಕ್ಷಸ ಎದ್ದು ನನ್ನ ಮಗ್ಗುಲಿಗೇ ಬರ್ತಾನೆ, ಎಂದು ಹೆದರಿಸುತ್ತಿದ್ದ ಅಜ್ಜಿ, ಏಳು ಕಡಲಿನಾಚೆಯ ಗಿಣಿಯೊಳಗೆ ರಾಕ್ಷಸನ ಜೀವ ಇಟ್ಟವಳು, ಕೊನೆಕೊನೆಗೆ ಕತೆ ಮರೆತು ಕರೆ ಒಂದನ್ನೇ ಉಳಿಸಿಕೊಂಡಳು, ಆ ಕರೆ ಅಣ್ಣನ ಪ್ರಾಕ್ಟೀಸಿನ ನಡುವೆ ಬೀಳುತ್ತಿತ್ತು, ಶ್ರುತಿಗೂ ಸೇರದೆ, ತಾಳಕ್ಕೂ ಸೇರದೆ. ಸ್ವಲ್ಪ ಹೊತ್ತು ಬಾಗಿಲು ಹಾಕೇ. ಹಾಕಲ್ಲ. ಹಾಕದಿದ್ರೆ ನಾನೇ ಹಾಕ್ತೀನಿ. ಅವನು ಹಾಕುತ್ತಾನೆ, ಅವಳು ತೆಗೆಯುತ್ತಾಳೆ, ಸಂದಿಯಲ್ಲಿ ಅಜ್ಜಿಯ ನಾಲ್ಕು ಬೆರಳು ಬಾಗಿಲಿನ ಅಂಚು ಹಿಡಿದಿವೆ, ಚರ್ಮ ಸುಕ್ಕಿದ ಬೆರಳು, ಉಗುರು ಹಳದಿ. ಅವಳು ತಂತಿ ತರಲು ಅಂಗಡಿಗೆ ಹೋಗಿದ್ದ ದಿನ ಚಿಲಕ ಹೊರಗಿನಿಂದ ಬಿದ್ದಿತ್ತು. ತೆಗೆದಾಗ ಅಜ್ಜಿ ಬಾಗಿಲ ಬುಡದಲ್ಲೇ, ತಣ್ಣಗೆ. ಕೂಗು ನಿಲ್ತು, ನಿದ್ದೆ ಹತ್ತಿದೆ ಅಂದ್ಕೊಂಡೆ ಕಣೇ. ನಿದ್ದೆ! ಅಂದ್ಕೊಂಡನಂತೆ! ಆಮೇಲೆ ಬಂದವರ ಮುಂದೆಲ್ಲ ಹಿರಿಯ ಜೀವ, ನೆಮ್ಮದಿಯಾಗಿ ಹೋಯ್ತು, ಎಂದವನೂ ಇವನೇ, ಆ ನೆಮ್ಮದಿಯನ್ನೇ ಈಗ ಹಾಡಿನ ಬಾಲಕ್ಕೆ ಕಟ್ಟಲು ಬಂದಿದ್ದಾನೆ, ಜಿ ಸೆವೆನ್, ಸಿ, ಸಿಹಿಯೋ ಸಿಹಿ.

ಒನ್ ಟೂ ಎಂದು ಗುಂಡನ ಕೋಲು ತಟ್ಟಿದವು, ಹೊರಟಿತು, ಇ ಮೈನರ್, ಎಫ್, ಇ ಮೈನರ್, ಕೈ ತಾನಾಗಿ ನಡೆಯುತ್ತಿದೆ, ಅಣ್ಣನೂ ಚೆನ್ನಾಗಿಯೇ ನುಡಿಸುತ್ತಾನೆ ಪಾಪಿ, ಎ ಮೈನರಿಗೆ ಅವನು ಇಟ್ಟ ಆ ಮೇಲಿನ ಸ್ವರ ಎಷ್ಟು ಚಂದ, ಚಂದವೇ ಇವನ ಬಾಗಿಲು – ಕೊನೆ ಹತ್ತಿರ ಬಂತು, ಅವಳು ಇ ಹಿಡಿದರೆ ಸೋತಂತೆಯೇ, ಸಿ ಕಾರ್ಡಿನ ಹೊಟ್ಟೆಯಲ್ಲೇ ಇ ಇದೆಯಲ್ಲ, ಇವನ ಸಿ ಅವಳ ಇ-ಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಲಾಲಿ ಹಾಡುತ್ತದೆ, ಬಿ ಸೇರಿಸಿದರೂ ಜೇನು ಬೆರೆಸಿದಂತೆಯೇ, ಹಾಗಾದರೆ ಇಳಿಯುವುದಿಲ್ಲ, ಇಳಿಯುವುದೇ ಇಲ್ಲ. ಜಿ ಸೆವೆನ್ ಬಂತು, ಅಣ್ಣನ ಹುಬ್ಬು ಇತ್ತ ಎದ್ದಿತು, ಬಾ ಬಾ ಎಂದು, ಸಿ ಬಿತ್ತು, ಅವಳು ಎಫ್ ಒತ್ತಿದಳು, ಮೇಲಿನದೂ ಕೆಳಗಿನದೂ ಎರಡು ಇ ತಂತಿಗಳನ್ನು ಒತ್ತದೆ ಮಿಡಿಯಲು ಬಿಟ್ಟು ನಡುವಿನ ನಾಲ್ಕನ್ನೇ ಒತ್ತಿದಳು, ಇ-ಯೂ ಎಫ್-ಊ ಮೈಗೆ ಮೈ ತಾಗಿ ಹಲ್ಲು ಕಡಿದವು, ಏನ್ ಮಾಡ್ತಿದೀಯೇ, ಅಣ್ಣನ ಕೈ ಎದ್ದಿತು, ಕೀಬೋರ್ಡು ಸುಮ್ಮನಾಯಿತು, ಮತ್ತೆ ಹೊಡೆದಳು, ಎಫ್, ಇನ್ನೊಮ್ಮೆ, ಗುಂಡ ನಗಲಿಲ್ಲ, ಗಾಜಿನಾಚೆಯವನು ನಿಲ್ಲಿಸಿ ಅನ್ನಲಿಲ್ಲ, ಯಂತ್ರ ಹಿಡಿದುಕೊಳ್ಳುತ್ತಲೇ ಇದೆ, ಒಂದು ಫ್ರೆಟ್ ಕೆಳಗೆ ಇ ಇದೆ, ಇರಲಿ, ಅಲ್ಲೇ ಇರಲಿ, ತಂತಿ ಬೆರಳ ತುದಿಗೆ ಕೊರೆದು ಇಳಿಯುತ್ತಿದೆ, ನಾಲ್ಕು ತಂತಿ, ನಾಲ್ಕು ಬೆರಳು, ಬಾಗಿಲಿನ ಅಂಚು, ನಾಲ್ಕು ಬೆರಳು, ಉಗುರು ಹಳದಿ, ಬಿಡದೆ –