ಪಾಳಿ ಹಂಚುವ ಪೆಟ್ಟಿಗೆ

ನಾನು ಮೊಬೈಲ್ ಟವರಿನ ಪೆಟ್ಟಿಗೆ. ಹುಟ್ಟಿದ್ದು ಕಾರ್ಖಾನೆಯಲ್ಲಿ, ಬಾಳಿದ್ದು ಗುಳೇದಗುಡ್ಡದ ಕಲ್ಯಾಣ ಮಂಟಪವೊಂದರ ಮಾಳಿಗೆಯ ಮೇಲೆ. ಊರ ಫೋನುಗಳೆಲ್ಲ ಮಾತು, ಚಿತ್ರ ಬೇಡುವುದು ನನ್ನ ಹತ್ತಿರವೇ. ಎಲ್ಲರಿಗೂ ಒಟ್ಟಿಗೆ ಕೊಡಲು ನನಗೇನು ಹತ್ತು ಕೈಗಳಿವೆಯೇ? ಕೆಳಗೆ ಮದುವೆಯೂಟ ಬಡಿಸುವವರ ಹಾಗೆ ನಾನೂ ಪಾಳಿ ಹಚ್ಚಿ ನೀಡುತ್ತಿದ್ದೆ.

ಮೊದಮೊದಲು ಕಣ್ಣು ಮುಚ್ಚಿ ಎಲ್ಲರಿಗೂ ಸಮ ನೀಡಿದೆ. ಕಲ್ಲುಗೋಡೆಯ ಹಿಂದಿನ ಫೋನಿಗೆ ಕಳಿಸಿದ್ದು ಅರ್ಧ ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು. ಆಮೇಲೆ ಇಂಜಿನಿಯರ್ ರೆಹಾನಾ ಬಂದು, ಫೋನುಗಳು ಕ್ಷಣಕ್ಷಣವೂ ಕಳಿಸುವ ಸುದ್ದಿಗೆ ಕಿವಿಗೊಡಲು ಕಲಿಸಿದಳು: ‘ಈಗ ಚೆನ್ನಾಗಿ ಕೇಳುತ್ತಿದೆ’, ‘ಈಗ ಮಂಕು’. ಚೆನ್ನಾಗಿ ಕೇಳುವವರಿಗೇ ಮೊದಲು ನೀಡಿದೆ. ಊರು ಭಲೇ ಎಂದಿತು. ಅಬ್ಬಾ, ನನ್ನ ಜಂಬವೇ!

ಒಂದು ಮಧ್ಯಾಹ್ನ ರೆಹಾನಾ ಮಾಳಿಗೆಯ ಮೇಲಿದ್ದಾಗ ಖಣ ನೇಯುವ ತುಳಜವ್ವ ಏದುಸಿರು ಬಿಡುತ್ತ ಹತ್ತಿ ಬಂದಳು.

“ಬಾಯಾರ, ನನ್ನ ಮಗಳು ಕಸ್ತೂರಿಗೆ ಕಿವಿ ಕೇಳಂಗಿಲ್ರಿ. ದೂರದ ಕಿವುಡ ಮಕ್ಕಳ ಶಾಲ್ಯಾಗ ಅದಾಳ. ನಾವು ಫೋನಿನ್ಯಾಗ ಕೈಲೇ ಮಾತಾಡೂದು. ನಡುವ ಚಿತ್ರದಾಗ ಆಕಿ ಕೈ ನಿಂತಬಿಡತಾವ. ‘ನೀ ನನ್ನ ಮಾತು ನೋಡೂದಿಲ್ಲ, ಇವತ್ತೂ ಹಿಂಗಾದ್ರ ಶಾಲಿ ಬಿಟ್ಟು ಬರತೀನಿ’ ಅಂದಾಳ.”

“ಕಲ್ಲುಗ್ವಾಡಿ ಮನಿ ಬಿಟ್ಟು ಅಂಗಳಕ್ಕ ಬಂದು ಮಾತಾಡಬಾರದೇನ್ರಿ ಅವ್ವಾರ?”

“ಹಿಂದ ಮಗ್ಗ ಕಂಡ್ರನ ಆಕಿಗೆ ಮನಿ ಕಂಡಂಗ್ರಿ.”

ರೆಹಾನಾ ನನ್ನ ಲೆಕ್ಕ ತೆರೆದು ನೋಡಿ ಹಣೆ ಬಡಿದುಕೊಂಡಳು. “ಉಂಡವರಿಗೇ ಮತ್ತ ನೀಡಿ, ಹಸದವರನ್ನ ಮರತಿಯಲ್ಲೋ ಹುಚ್ಚಪ್ಪ! ಗಾಳಿ ಬಂದಾಗ ತೂರಬೇಕು ಖರೆ. ಆದ್ರ ಒಬ್ಬೊಬ್ಬರ ಗಾಳಿ ಒಂದೊಂದು ಹೊತ್ತಿಗೆ ಬೀಸತೈತಿ. ಯಾರಿಗೆ ಯಾವಾಗ ತನ್ನ ಮಾಮೂಲಿಗಿಂತ ಚಂದ ಕೇಳತೈತೋ ಆಗ ಅವರಿಗೆ ನೀಡು.” ಹಾಗೇ ನನ್ನನ್ನು ತಿದ್ದಿದಳು. ನನಗೆ ನಾಚಿಕೆಯಾಯಿತು.

ಸಂಜೆ ಮಗ್ಗದ ಮನೆಯಿಂದ ಸುದ್ದಿ ಬಂತು. ಮಂಕು, ಮಂಕು, ಇಗೋ, ತುಸು ಚೆನ್ನು! ಬಜಾರದ ಫೋನುಗಳು ಅದಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಇರಲಿ, ಅವು ಯಾವಾಗಲೂ ಹಾಗೇ. ತಟ್ಟನೆ ತುಳಜವ್ವನಿಗೆ ನೀಡಿದೆ. ಮತ್ತೆ ಚೆನ್ನು, ಮತ್ತೆ ನೀಡಿದೆ. ಕಸ್ತೂರಿಯ ಕೈ ಒಮ್ಮೆಯೂ ನಿಲ್ಲಲಿಲ್ಲ. ಗೆಳತಿಯರು, ಶಾಲೆಯೂಟದ ಸಾರು, ಮುನಿಸು, ಎಲ್ಲವನ್ನೂ ಹೇಳಿದಳು. ತಾಯಿ ಅಳುತ್ತಲೇ ನಕ್ಕಳು. ಹುಡುಗಿ ಶಾಲೆಯಲ್ಲೇ ಉಳಿದಳು.

ವರ್ಷಗಳು ಉರುಳಿ, ಈಗ ನನ್ನ ಜಾಗದಲ್ಲಿ ಹೊಸ ಪೆಟ್ಟಿಗೆ ಇದೆ. ನಾನು ಮಂಟಪದ ಮೆಟ್ಟಿಲ ಕೆಳಗೆ, ಹಳೆಯ ಕೊಪ್ಪರಿಗೆಗಳ ಪಕ್ಕ ಕೂತಿದ್ದೇನೆ. ಮೊನ್ನೆ ಇಲ್ಲೇ ಕಸ್ತೂರಿಯ ಮದುವೆಯಾಯಿತು. ಕೊನೆಯ ಪಂಕ್ತಿಯಲ್ಲಿ ಅವಳ ಶಾಲೆಯ ಗೆಳತಿಯರು ಕೂತಿದ್ದರು. ಬಡಿಸುವವರು ‘ಹೋಳಿಗೆ, ಹೋಳಿಗೆ’ ಎಂದು ಕೂಗುತ್ತ ಅವರನ್ನು ದಾಟಿ ಹೋದರು. ಮದುಮಗಳು ಎದ್ದು ಬಂದು ಬುಟ್ಟಿ ಕಸಿದುಕೊಂಡಳು. ಒಬ್ಬೊಬ್ಬರ ಎದುರೂ ನಿಂತು, ಅವರು ತಲೆಯೆತ್ತಿ ನೋಡುವ ತನಕ ಕಾದು, ಆಮೇಲೆ ನೀಡಿದಳು.